ಹಂದಿಯೂ ಒಲ್ಲದ ಹಣ್ಣು

ಇಂಗ್ಲೆಂಡಿನ ಪಶ್ಚಿಮ ಭಾಗದಲ್ಲಿ ಹಿಯರ್‌ಫರ್ಡ್‌ಷೈರ್, ವುಸ್ಟರ್‌ಷೈರ್, ಗ್ಲಾಸ್ಟರ್‌ಷೈರ್ ಎಂಬ ಮೂರು ಪ್ರಾಂತಗಳು ಒಂದನ್ನೊಂದು ತಾಗಿಕೊಂಡಿವೆ. ನಾವು ಮರಸೇಬು ಎನ್ನುವ ಪೇರ್ ಹಣ್ಣಿನ ರಸವನ್ನು ಹುಳಿಸಿ 'ಪೆರಿ' ಎಂಬ ಪಾನೀಯವನ್ನು ತಯಾರಿಸುವುದು ಅಲ್ಲಿಯ ಬಹು ಹಳೆಯ ಕಸುಬು. ಅದು ಮದ್ಯವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ವಿದ್ಯಾರ್ಥಿಗಳಿಗೆ ಇಲ್ಲಿ ಹೇಳಹೊರಟಿರುವುದು ಪಾನದ ಮಹಿಮೆಯನ್ನಲ್ಲ, ಒಂದು ಮರದ ವೃತ್ತಾಂತವನ್ನು.

ಆ ಮರದ ಹೆಸರು ಬಾರ್ಲೆಂಡ್. ಹಿಯರ್‌ಫರ್ಡ್‌ಷೈರಿನ ಬಾಸ್‌ಬರಿ ಗ್ರಾಮದ ಒಂದು ಹೊಲದ ಹೆಸರೇ ಈ ತಳಿಗೆ ಬಂದಿತೆನ್ನುವರು. 1664ರಲ್ಲಿ ಜಾನ್ ಈವ್ಲಿನ್ ಪ್ರಕಟಿಸಿದ 'ಸಿಲ್ವ' ಎಂಬ ವೃಕ್ಷಗ್ರಂಥದ ಅನುಬಂಧದಲ್ಲಿಯೇ ಇದರ ಪ್ರಸ್ತಾಪ ಉಂಟು. ಹಸಿದ ಹಂದಿ ಕೂಡ ಈ ಹಣ್ಣನ್ನು ಮೂಸುವುದಿಲ್ಲ, ಬಾಯಿಗೆ ಹಾಕಿಕೊಂಡರೂ ಒಡನೆಯೇ ಕೊಡಹಿಬಿಡುತ್ತದೆ ಎಂಬರ್ಥದ ಮಾತು ಅಲ್ಲಿದೆ.

ಇದಕ್ಕೆ ಕಾರಣ ಟ್ಯಾನಿನ್ ಎಂಬ ದ್ರವ್ಯ. ಎಳೆಯ ಬಾಳೆಕಾಯಿಯನ್ನು ಕಚ್ಚಿ ನೋಡಿದವರಿಗೆ ಅದರ ಒಗರು ತಿಳಿದೇ ಇದೆ. ಟ್ಯಾನಿನ್ ಜೊಲ್ಲಿನಲ್ಲಿರುವ ಪ್ರೋಟೀನುಗಳೊಡನೆ ಕೂಡಿಕೊಳ್ಳುವುದರಿಂದ ನಾಲಗೆ ಒರಟಾಗುತ್ತದೆ. ಆದರೆ ರಸಕ್ಕೆ ತೂಕವನ್ನೂ ರುಚಿಯನ್ನೂ ಕೊಡುವುದು ಅದೇ ಒಗರು. ಅದು ಮಿತಿಮೀರಿದ್ದರೆ, ಅರೆದ ಹಣ್ಣನ್ನು ಹಿಂಡುವ ಮೊದಲು ಒಂದು ರಾತ್ರಿ ಹಾಗೆಯೇ ಬಿಡುವರು. ಸ್ವಲ್ಪ ಟ್ಯಾನಿನ್ ಕಳೆಯುತ್ತದೆ. ಪೇರ್ ಹಣ್ಣಿನಲ್ಲಿ ಸಾರ್ಬಿಟಾಲ್ ಎಂಬ ಸಿಹಿ ಪದಾರ್ಥವೂ ಇದೆ. ಯೀಸ್ಟ್ ಅದನ್ನು ಹುಳಿಸಲಾರದಾದ್ದರಿಂದ ಪೆರಿಯಲ್ಲಿ ಕೊಂಚ ಸಿಹಿ ಉಳಿದೇ ಉಳಿಯುತ್ತದೆ.

ಇನ್ನು ಮುಖ್ಯ ವಿಷಯ. ಮಲ್ಗೋವ ಮಾವಿನ ಓಟೆಯನ್ನು ನೆಟ್ಟು ಮಲ್ಗೋವವನ್ನೇ ನಿರೀಕ್ಷಿಸಲಾಗದು. ಬಾರ್ಲೆಂಡಿನ ಬೀಜದಿಂದಲೂ ಬಾರ್ಲೆಂಡ್ ಹುಟ್ಟುವುದಿಲ್ಲ. ಪೇರ್ ಮರದ ಹೂವಿಗೆ ಸಾಮಾನ್ಯವಾಗಿ ಬೇರೊಂದು ತಳಿಯ ಪರಾಗ ಬೇಕಾಗುವುದರಿಂದ ಪ್ರತಿಯೊಂದು ಬೀಜವೂ ಹೊಸ ಮಿಶ್ರಣವೇ. ಕಸಿಯೊಂದೇ ದಾರಿ. ಹಾಗಾಗಿ ಇಂದು ನಿಂತಿರುವ ಪ್ರತಿಯೊಂದು ಬಾರ್ಲೆಂಡೂ ಆ ಮೊದಲ ಮರದ ಕೊಂಬೆಯ ಮುಂದುವರಿಕೆ ಎನ್ನಬಹುದು. ಯಾರೂ ತಿನ್ನಲಾರದ ಹಣ್ಣಿಗಾಗಿ ಮೂರೂವರೆ ಶತಮಾನ ಎಷ್ಟು ಜನ ಕಸಿಗತ್ತಿ ಹಿಡಿದಿರಬೇಕು! ಮರವು ಇನ್ನೂರು ವರ್ಷಕ್ಕೂ ಮೀರಿ ಬಾಳಬಲ್ಲುದು. ಆದರೆ ಫಲಕ್ಕೆ ಬರುವುದು ಬಹು ನಿಧಾನ, ನೆಟ್ಟವನು ಮೊಮ್ಮಕ್ಕಳಿಗೆಂದೇ ನೆಡಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಇಂಥ ತೋಪುಗಳು ಬಹಳಷ್ಟು ಕಡಿಯಲ್ಪಟ್ಟವು. ಫ್ಲೇಕಿ ಬಾರ್ಕ್ ಎಂಬ ತಳಿ ಮೇ ಹಿಲ್ ಎಂಬ ಗುಡ್ಡದ ಮೇಲೆ ಆರು ಮರಗಳಷ್ಟಕ್ಕೆ ಇಳಿದಿತ್ತು. ಈಗ ಗ್ಲಾಸ್ಟರ್‌ಷೈರಿನ ಹಾರ್ಟ್‌ಪುರಿಯಲ್ಲಿ ನೂರಕ್ಕೂ ಮಿಕ್ಕ ಪೆರಿ ತಳಿಗಳನ್ನು ಕಸಿಕಟ್ಟಿ ಒಂದೇ ತೋಪಿನಲ್ಲಿ ಬೆಳೆಸಿದ್ದಾರೆ.