ಮರದ ದೋಣಿ ನೋಡೋಣ, ಮಾತು ಕಲಿಯೋಣ



ಕನ್ನಡ ತರಗತಿಯಲ್ಲಿ ದೋಣಿಯ ಚಿತ್ರ ತೋರಿಸಿ "ಇದೇನು?" ಎಂದು ಕೇಳಿದರೆ ಮೊದಲು ಬರುವ ಉತ್ತರ "ಬೋಟ್". ಸ್ವಲ್ಪ ಕಾದರೆ "ದೋಣಿ" ಎಂದೂ ಬರುತ್ತದೆ. ಮಾತು ಅಲ್ಲಿಗೆ ನಿಲ್ಲುತ್ತದೆ. ಆದರೆ ದೋಣಿಯ ಭಾಗಗಳಿಗೆ, ಅದನ್ನು ನಡೆಸುವವನಿಗೆ, ಅದು ತಂಗುವ ಜಾಗಕ್ಕೆ ನಮ್ಮ ಭಾಷೆಯಲ್ಲಿ ಒಳ್ಳೊಳ್ಳೆಯ ಪದಗಳಿವೆ. ಅವನ್ನು ಪುಸ್ತಕದಿಂದ ಕಲಿಯುವುದಕ್ಕಿಂತ ದೋಣಿಗಳ ಮುಂದೆಯೇ ನಿಂತು ಕಲಿಯೋಣ.

ಎಲ್ಲಿ ನೋಡಬಹುದು?

ಡಾರ್ಲಿಂಗ್ ಹಾರ್ಬರ್‌ನಲ್ಲಿ 1991ರಲ್ಲಿ ಆರಂಭವಾದ ಆಸ್ಟ್ರೇಲಿಯನ್ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂ ಇದೆ. ಅದರ ದಕ್ಕೆಯಲ್ಲಿ ಹಳೆಯ ಮರದ ದೋಣಿಗಳ ಉತ್ಸವ ಕೆಲವು ವರ್ಷಗಳಿಗೊಮ್ಮೆ ನಡೆಯುತ್ತಾ ಬಂದಿದೆ. ಟಾಸ್ಮೇನಿಯಾದ ಹೋಬಾರ್ಟ್‌ನಲ್ಲಿ 1994ರಲ್ಲಿ ಶುರುವಾದ ಉತ್ಸವ ಇನ್ನೂ ದೊಡ್ಡದು. ನಾವು ವೆಸ್ಟ್‌ಮೀಡ್‌ನಿಂದ ರೈಲಿನಲ್ಲಿ ಟೌನ್ ಹಾಲ್‌ಗೆ ಹೋಗಿ, ಪಿರ್ಮಾಂಟ್ ಸೇತುವೆಯ ಮೇಲೆ ನಡೆದರೆ ಮ್ಯೂಸಿಯಂ ಸಿಗುತ್ತದೆ. 1902ರಲ್ಲಿ ತೆರೆದ ಈ ಸೇತುವೆಯನ್ನೂ ಗಮನಿಸಿ. ಎತ್ತರದ ಹಡಗುಗಳಿಗೆ ದಾರಿ ಬಿಡಲು ಇದರ ನಡುಭಾಗ ವಿದ್ಯುತ್ತಿನಿಂದ ಪಕ್ಕಕ್ಕೆ ತಿರುಗುವಂತೆ ಕಟ್ಟಿದ್ದಾರೆ.

ದೋಣಿ ಹತ್ತುವ ಮೊದಲು ಅದರವರನ್ನು ಕೇಳಬೇಕು. ಹೇಳಿದರೆ ಚಪ್ಪಲಿ ಕಳಚಬೇಕು. ಬಣ್ಣ, ಹಾಯಿಗಳ ಅಂದ ಕಣ್ಣಿಗೆ ತಾನಾಗಿ ಬೀಳುತ್ತದೆ. ನಾವು ಹುಡುಕಿ ನೋಡಬೇಕಾದದ್ದು ಹಲಗೆಗಳ ನಡುವಿನ ಸಂದುಗಳನ್ನು.

ಹಲಗೆಗಳು ಸೇರುವುದು ಹೇಗೆ?

1. ಅಂಚಿಗೆ ಅಂಚು: ಹಲಗೆಗಳನ್ನು ಪಕ್ಕಪಕ್ಕ ಜೋಡಿಸಿ, ಪಕ್ಕೆಲುಬಿನಂಥ ಮರದ ಚೌಕಟ್ಟಿಗೆ ಹೊಡೆಯುತ್ತಾರೆ. ಸಂದುಗಳಿಗೆ ಹತ್ತಿ ಅಥವಾ ನಾರನ್ನು ಉಳಿಯಂಥ ಸಾಧನದಿಂದ ಬಡಿದು ತುಂಬಿ, ಮೇಲೆ ಕೀಲೆಣ್ಣೆ ಅಥವಾ ಮೆತ್ತುವ ಪುಟ್ಟಿ ಹಚ್ಚುತ್ತಾರೆ. ಹೊರಮೈ ನುಣುಪಾಗಿರುತ್ತದೆ.

2. ಒಂದರ ಮೇಲೊಂದು: ಮಂಗಳೂರು ಹೆಂಚು ಹೊದಿಸಿದಂತೆ ಒಂದು ಹಲಗೆಯ ಅಂಚು ಇನ್ನೊಂದರ ಮೇಲೆ ಬರುತ್ತದೆ. ಎರಡನ್ನೂ ತಾಮ್ರದ ಮೊಳೆಯಿಂದ ಬಿಗಿಯುತ್ತಾರೆ. ಹೊರಮೈಯಲ್ಲಿ ಮೆಟ್ಟಿಲುಗಳಂತೆ ಗೆರೆಗಳು ಕಾಣುತ್ತವೆ.

3. ಹೊಲಿಗೆ: ಇದು ನಮ್ಮ ಪಶ್ಚಿಮ ಕರಾವಳಿಯ ಹಳೆಯ ವಿದ್ಯೆ. ಹಲಗೆಗಳ ಅಂಚಿನಲ್ಲಿ ತೂತು ಕೊರೆದು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಾರೆ. ಒಂದೂ ಮೊಳೆ ಬೇಡ! ಹೊಲಿದ ದೋಣಿ ಅಲೆಗೆ ಸ್ವಲ್ಪ ಬಾಗುತ್ತದೆ. ಮರಳಿಗೆ ಬಡಿದರೂ ಸುಲಭವಾಗಿ ಒಡೆಯುವುದಿಲ್ಲ. ಹೊಲಿಗೆ ಸಡಿಲವಾದರೆ ಬಿಚ್ಚಿ ಮತ್ತೆ ಹೊಲಿಯಬಹುದು.

ಈ ಮೂರನೆಯ ವಿದ್ಯೆ ಬಲ್ಲವರು ಈಗ ಬಹಳ ಕಡಿಮೆ. ಅದನ್ನು ಉಳಿಸಲು ಭಾರತದಲ್ಲಿ ಒಂದು ಹಡಗನ್ನೇ ಹೊಲಿದರು. ಅಜಂತಾ ಗುಹೆಯ 5ನೆಯ ಶತಮಾನದ ಚಿತ್ರವನ್ನು ಮಾದರಿಯಾಗಿಟ್ಟುಕೊಂಡು, ಕೇರಳದ ಕುಶಲಕರ್ಮಿಗಳು ಗೋವಾದಲ್ಲಿ ಕಟ್ಟಿದ ಈ ಹಡಗು 2025ರ ಮೇ 21ರಂದು ನಮ್ಮ ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಹೆಸರು "ಕೌಂಡಿನ್ಯ". ಅದರ ಹಾಯಿಯ ಮೇಲೆ ನಮ್ಮ ಗಂಡಭೇರುಂಡ ಇದೆ!

ಒಣಗಿದರೆ ಸೋರುತ್ತದೆ

ಮಳೆಗಾಲದಲ್ಲಿ ಊರಿನ ಮನೆಯ ಮರದ ಬಾಗಿಲು ಬಿಗಿಯುವುದನ್ನು ನಿಮ್ಮ ಅಜ್ಜಿ ಹೇಳಿರಬಹುದು. ಮರ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅಂಚಿಗೆ ಅಂಚು ಜೋಡಿಸಿದ ದೋಣಿ ನೀರಿನಲ್ಲಿದ್ದಾಗ ಹಲಗೆಗಳು ಉಬ್ಬಿ ಒಂದನ್ನೊಂದು ಒತ್ತುತ್ತವೆ, ಸಂದು ಮುಚ್ಚುತ್ತದೆ. ಅದೇ ದೋಣಿಯನ್ನು ಬಹಳ ಕಾಲ ದಡದಲ್ಲಿ ಒಣಗಲು ಬಿಟ್ಟರೆ ಸಂದುಗಳು ಬಾಯಿ ಬಿಡುತ್ತವೆ. ಮತ್ತೆ ನೀರಿಗಿಳಿಸಿದಾಗ ಮೊದಮೊದಲು ಸೋರುತ್ತದೆ. ಹಲಗೆ ಉಬ್ಬುವವರೆಗೆ ನೀರು ತೋಡುತ್ತಲೇ ಇರಬೇಕು.

ಭಾಷೆಗೂ ಇದೇ ನಿಯಮ. ಜೋಪಾನವಾಗಿ ಎತ್ತಿಟ್ಟ ಮಾತ್ರಕ್ಕೆ ಕನ್ನಡ ಉಳಿಯುವುದಿಲ್ಲ. ವಾರಕ್ಕೊಮ್ಮೆ ತರಗತಿಯಲ್ಲಿ ಮಾತ್ರ ಆಡಿದರೆ ಪದಗಳ ನಡುವೆ ಸಂದು ಬಿಡುತ್ತದೆ. ಮನೆಯಲ್ಲಿ ದಿನವೂ ಆಡಬೇಕು. ಮೊದಲು ಸ್ವಲ್ಪ ಸೋರಿದರೂ, ಅಂದರೆ ತಪ್ಪಾದರೂ, ಚಿಂತೆಯಿಲ್ಲ.

ಈ ನೆಲದ ದೋಣಿ, ನಮ್ಮ ನದಿಯ ದೋಣಿ

ವೆಸ್ಟ್‌ಮೀಡ್ ಇರುವುದು ದಾರುಗ್ ಜನರ ನೆಲದಲ್ಲಿ. ಸಿಡ್ನಿಯ ಮೂಲನಿವಾಸಿಗಳು ಮರದ ತೊಗಟೆಯನ್ನು ಒಂದೇ ಹಾಳೆಯಾಗಿ ಸುಲಿದು, ಎರಡು ತುದಿಗಳನ್ನು ಮಡಚಿ ಕಟ್ಟಿ ದೋಣಿ ಮಾಡುತ್ತಿದ್ದರು. ಹೆಂಗಸರು ಅದರೊಳಗೆ ಜೇಡಿಮಣ್ಣಿನ ಮೇಲೆ ಬೆಂಕಿ ಇಟ್ಟುಕೊಂಡೇ ಗಾಳ ಹಾಕುತ್ತಿದ್ದರು. ಆ ದೋಣಿಯ ಹೆಸರು "ನಾವಿ". ನಮ್ಮ "ನಾವೆ"ಯ ಹಾಗೇ ಕೇಳಿಸುತ್ತದೆಯಲ್ಲವೇ? ಆದರೆ ಇದು ಕಾಕತಾಳೀಯ. ನಮ್ಮ "ನಾವೆ" ಸಂಸ್ಕೃತದಿಂದ ಬಂದದ್ದು. ಇಂಗ್ಲಿಷಿನ "ನೇವಿ" ಅದಕ್ಕೆ ದೂರದ ನೆಂಟ. ಸಿಡ್ನಿಯ "ನಾವಿ" ನೆಂಟನಲ್ಲ.

ನಮ್ಮ ತುಂಗಭದ್ರೆಯ ಹರಿಗೋಲಿಗೆ ಹಲಗೆಯೇ ಇಲ್ಲ. ಹಿಂದೆ ಬಿದಿರಿನ ಬುಟ್ಟಿಗೆ ತೊಗಲು ಹೊದಿಸಿದರೆ ಆಗುತ್ತಿತ್ತು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಜನರು ಇಂಥ ಬುಟ್ಟಿದೋಣಿಗಳಲ್ಲಿ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಇತ್ತ ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಸಾಗಿಸುವ ಮರದ ಹಡಗಿಗೆ "ಮಂಜಿ" ಎನ್ನುತ್ತಾರೆ.

ಪ್ರಯಾಣ ಮಾಡಿದ ಪದಗಳು

ಉತ್ಸವದಲ್ಲಿ ಕಿವಿಗೆ ಬೀಳುವ ಎಷ್ಟೋ ಇಂಗ್ಲಿಷ್ ಪದಗಳು ಭಾರತದವು.

ಟೀಕ್: ಮಲಯಾಳಂ ಮೂಲದ್ದು, ನಮ್ಮ "ತೇಗ" ಅದರ ಒಡಹುಟ್ಟು. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಬೇಗ ಕೊಳೆಯದು. 1853ರಲ್ಲಿ ಬಂಗಾಳದಲ್ಲಿ ಕಟ್ಟಿದ "ಎಡ್ವಿನ್ ಫಾಕ್ಸ್" ತೇಗದ ಹಡಗು. ಅದು 1858ರಲ್ಲಿ ಕೈದಿಗಳನ್ನು ಪಶ್ಚಿಮ ಆಸ್ಟ್ರೇಲಿಯಾಕ್ಕೆ ತಂದಿತು. ಅದರ ಒಡಲು ಇಂದಿಗೂ ನ್ಯೂಜಿಲೆಂಡಿನ ಪಿಕ್ಟನ್‌ನಲ್ಲಿದೆ.

ಕಾಯರ್: ತೆಂಗಿನ ನಾರಿಗೆ ಮಲಯಾಳಂನಿಂದ ಬಂದ ಹೆಸರು.

ಕ್ಯಾಟಮರಾನ್: ತಮಿಳಿನ "ಕಟ್ಟುಮರಂ". ಕಟ್ಟಿದ ಮರ ಎಂದು ಕನ್ನಡಿಗರಿಗೂ ಅರ್ಥವಾಗುತ್ತದೆ.

ಡಿಂಗಿ: ಹಿಂದಿ, ಬಂಗಾಳಿಯ ಚಿಕ್ಕ ದೋಣಿ.

ಕ್ರೇಟ್: ಮ್ಯೂಸಿಯಂನ ದಕ್ಕೆಯಲ್ಲಿರುವ ಒಂದು ಮರದ ದೋಣಿಯ ಹೆಸರು. ಹಿಂದಿಯ "ಕರೈತ್", ಅಂದರೆ ನಮ್ಮ ಕಟ್ಟುಹಾವು. ಮೊದಲು ಜಪಾನಿನ ಮೀನುಗಾರರ ದೋಣಿಯಾಗಿದ್ದ ಇದರಲ್ಲಿ 1943ರಲ್ಲಿ 14 ಜನ ಸಿಂಗಪುರದತ್ತ ಗುಟ್ಟಾಗಿ ಹೋದರು. ಅವರಲ್ಲಿ 6 ಜನ ರಾತ್ರಿ ಸಣ್ಣ ದೋಣಿಗಳಲ್ಲಿ ಬಂದರಿಗೆ ನುಸುಳಿ ಶತ್ರು ಹಡಗುಗಳಿಗೆ ಸಿಡಿಗುಂಡು ಅಂಟಿಸಿದರು. 14 ಜನವೂ ಜೀವಂತ ಮರಳಿದರು.

ಪದಪರಿಚಯ

ಅಂಬಿಗ – ದೋಣಿ ನಡೆಸುವವನು. 12ನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಕಸುಬು ಇದೇ.
ಹುಟ್ಟು – ನೀರನ್ನು ಹಿಂದಕ್ಕೆ ತಳ್ಳುವ ಕೋಲು. (ಜನನಕ್ಕೂ ಇದೇ ಪದ!)
ಚುಕ್ಕಾಣಿ – ದಿಕ್ಕು ತಿರುಗಿಸುವ ಹಲಗೆ. "ಚುಕ್ಕಾಣಿ ಹಿಡಿ" ಎಂದರೆ ಮುಂದಾಳಾಗು.
ಹಾಯಿ – ಗಾಳಿ ಹಿಡಿಯುವ ಬಟ್ಟೆ.
ಲಂಗರು – ದೋಣಿಯನ್ನು ನಿಲ್ಲಿಸುವ ಭಾರ. ಪಾರಸಿಯಿಂದ ಬಂದ ಪದ.
ದಕ್ಕೆ – ದೋಣಿ ತಂಗುವ ಕಟ್ಟೆ.

ಅಭ್ಯಾಸ

1. ಹಲಗೆ ಸೇರಿಸುವ ಮೂರು ವಿಧಗಳ ಚಿತ್ರ ಬರೆಯಿರಿ.
2. ಒಣಗಿದ ದೋಣಿ ಏಕೆ ಸೋರುತ್ತದೆ? ಎರಡು ವಾಕ್ಯಗಳಲ್ಲಿ ಹೇಳಿ.
3. "ಎರಡು ದೋಣಿಯಲ್ಲಿ ಕಾಲಿಟ್ಟಂತೆ" ಎಂಬ ಮಾತಿನ ಅರ್ಥವೇನು?
4. ನಿಮ್ಮ ಅಜ್ಜಿ, ತಾತನಿಗೆ ಫೋನ್ ಮಾಡಿ, ಅವರ ಊರಿನ ಹೊಳೆ, ಕೆರೆ ಅಥವಾ ಕಡಲಲ್ಲಿ ಯಾವ ದೋಣಿ ಇತ್ತು, ಅದಕ್ಕೆ ಏನೆನ್ನುತ್ತಿದ್ದರು ಎಂದು ಕನ್ನಡದಲ್ಲೇ ಕೇಳಿ ಬರೆದುಕೊಂಡು ಬನ್ನಿ. ನಮಗೂ ಗೊತ್ತಿಲ್ಲದ ಪದ ತಂದವರಿಂದ ನಾವೂ ಕಲಿಯುತ್ತೇವೆ.