ಮೊದಲ ದಿನ ಅಳು ಬಂದರೆ ಬರಲಿ

ಆಪ್ತಸಮಾಲೋಚಕರ ಬಳಿ ಮೊದಲ ಸಲ ಹೊರಟಿದ್ದೀರಾ? ಏನು ಹೇಳಬೇಕೆಂದು ರಾತ್ರಿಯೆಲ್ಲ ಬಾಯಿಪಾಠ ಮಾಡಬೇಡಿ. ಮೊದಲ ಭೇಟಿಯಲ್ಲಿ ಹೆಚ್ಚು ಪ್ರಶ್ನೆ ಕೇಳುವವರು ಅವರೇ. ನಿದ್ದೆ ಬರುತ್ತಾ, ಊಟ ಸೇರುತ್ತಾ, ಮನೆಯಲ್ಲಿ ಯಾರ್ಯಾರಿದ್ದಾರೆ, ಇದೆಲ್ಲ ಶುರುವಾದದ್ದು ಯಾವಾಗ? ಸಾಯಬೇಕು ಅನ್ನಿಸಿದೆಯೇ ಎಂದೂ ನೇರವಾಗಿ ಕೇಳಬಹುದು. ಗಾಬರಿ ಬೇಡ, ಹಾಗೆ ಕೇಳುವುದು ಅವರ ಕೆಲಸದ ರೂಢಿ. ಮುಕ್ಕಾಲು ಗಂಟೆ ಇದರಲ್ಲೇ ಕಳೆದುಹೋಗುತ್ತದೆ.

‘ಹೀಗೆ ಮಾಡಿ’ ಅಂತ ಥಟ್ಟನೆ ಪರಿಹಾರ ಸಿಗುವುದಿಲ್ಲ. ಹಲವರಿಗೆ ನಿರಾಸೆಯಾಗುವುದು ಇಲ್ಲೇ. ಬರೀ ಬುದ್ಧಿವಾದ ಸಾಕೆಂದರೆ ನೆಂಟರಿದ್ದಾರಲ್ಲ, ಫೀಸೂ ಕೇಳುವುದಿಲ್ಲ! ಇಲ್ಲಿ ಗಂಟು ಬಿಡಿಸಬೇಕಾದವರು ನೀವೇ. ದಾರದ ತುದಿ ಹುಡುಕಲು ಅವರು ಜೊತೆಗಿರುತ್ತಾರೆ. ಒಮ್ಮೊಮ್ಮೆ ಹೊರಬಂದಾಗ ಮನಸ್ಸು ಮೊದಲಿಗಿಂತ ಭಾರವಾಗಿರುತ್ತದೆ. ಮುಚ್ಚಿಟ್ಟದ್ದನ್ನು ತೆರೆದ ಆಯಾಸ ಅದು. ಅವತ್ತು ಸಂಜೆಗೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ನಾಲ್ಕು ಜನಕ್ಕೆ ಗೊತ್ತಾದರೆ ಎಂಬ ಅಳುಕು ಸಹಜವೇ. ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕೆಂಬ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿದೆ. ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದರೆ ಮಾತು ಬೇರೆ. ಗುಟ್ಟಿನ ಮಿತಿ ಎಲ್ಲಿಯವರೆಗೆ, ಸಮಾಲೋಚಕರ ಓದೇನು, ಫೀಸೆಷ್ಟು ಎಂದು ಸಂಕೋಚವಿಲ್ಲದೆ ಮೊದಲೇ ಕೇಳಿ. ಮಾತ್ರೆ ಬರೆಯುವವರು ಮನೋವೈದ್ಯರು, ಸಮಾಲೋಚಕರಲ್ಲ.

ಮೂರ್ನಾಲ್ಕು ಸಲ ಹೋದರೂ ಹೊಂದಿಕೆಯಾಗದಿದ್ದರೆ ಹಾಗೆಂದು ಹೇಳಿ, ಬೇರೆಯವರನ್ನು ನೋಡಿ. ಅವರೇನೂ ಬೇಜಾರು ಮಾಡಿಕೊಳ್ಳಬಾರದು. ಸಮಾಲೋಚಕರ ಬಳಿ ಹೋಗಲು ಇನ್ನೂ ಧೈರ್ಯವಿಲ್ಲವೇ? ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲಾಗಲಿ ರಾತ್ರಿಯಾಗಲಿ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.