ನೀರೆತ್ತುವ ಎಂಜಿನ್ನಿನ ಕಿಡಿಯೂ ಕಾರ್ಬ್ಯುರೇಟರಿನ ಹದವೂ

ಗಂಜಾಂ ಗ್ರಾಮವು ಕಾವೇರಿಯ ಎರಡು ಕವಲುಗಳ ನಡುವಣ ಶ್ರೀರಂಗಪಟ್ಟಣದ ದ್ವೀಪದಲ್ಲಿರುವುದು. ನದಿಯು ಬಳಿಯಲ್ಲಿದ್ದರೂ, ನೀರನ್ನು ಮೇಲಕ್ಕೇರಿಸುವ ಪೆಟ್ರೋಲ್ ಎಂಜಿನ್ ಬೇಸಗೆಯಲ್ಲಿ ಕೆಟ್ಟು ನಿಂತರೆ ತೋಟವು ಒಣಗುವುದು.

ಎಂಜಿನ್ ಆರಿದ ಮೇಲೆ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡತಕ್ಕದ್ದು. ತುದಿಯು ಕಂದಾಗಿದ್ದರೆ ಮಿಶ್ರಣವು ಹದವಾಗಿರುವುದು. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲು ಸಾಲದು. ಒಣಮಸಿ ಕಟ್ಟಿದ್ದರೆ ಪೆಟ್ರೋಲು ಹೆಚ್ಚಾಗಿರಬಹುದು, ಗಾಳಿಯ ಶೋಧಕವು ಧೂಳಿನಿಂದ ಮುಚ್ಚಿರಬಹುದು, ಇಲ್ಲವೆ ಕಿಡಿಯೇ ದುರ್ಬಲವಾಗಿರಬಹುದು. ಆದುದರಿಂದ ಮೊದಲು ಶೋಧಕವನ್ನು ಶುದ್ಧಮಾಡಿ, ಪ್ಲಗ್ಗಿನ ಸಂದನ್ನು ತಯಾರಕರು ಹೇಳಿದ ಅಳತೆಗೆ, ಅನೇಕ ಎಂಜಿನ್ನುಗಳಲ್ಲಿ ಸುಮಾರು 0.7 ಮಿಲಿಮೀಟರಿಗೆ, ಸರಿಪಡಿಸಬೇಕು. ಕಾರ್ಬ್ಯುರೇಟರಿನಲ್ಲಿ ಮಿಶ್ರಣದ ತಿರುಪು ಇದ್ದಲ್ಲಿ, ಬಳಿಕ ಎಂಜಿನ್ ಬಿಸಿಯಾಗಿರುವಾಗ ಅದನ್ನು ಸ್ವಲ್ಪಸ್ವಲ್ಪವಾಗಿ ತಿರುಗಿಸಿ, ನಡೆಯು ಒಂದೇ ಸಮನಾದೊಡನೆ ನಿಲ್ಲಿಸುವುದು.

ಪ್ರತಿ ಗ್ರಾಮದಲ್ಲಿಯೂ ಒಬ್ಬನಾದರೂ ಈ ಕೆಲಸವನ್ನರಿತಿರುವಂತೆ ಯಜಮಾನರು ನೋಡಿಕೊಳ್ಳುವುದು ಲೇಸು.